ಆಕಳಿಸುವ ಸಿಂಹ

ಮೂವತ್ತನಾಲ್ಕು ತುಂಬಿದರೂ ಆಗ್ಸ್‌ಬರ್ಗಿನ ಕಿಲಿಯನ್ ಇನ್ನೂ ಕೂಲಿಯ ಗಡಿಯಾರಗಾರನೇ. ಸಂಘದ ಹಿರಿಯರ ಮುಂದೆ ಪರೀಕ್ಷೆಯ ಗಡಿಯಾರ ಮಾಡಿ ಗೆದ್ದವನಿಗಷ್ಟೇ ಯಜಮಾನನ ಪಟ್ಟ. ಹೋದ ಸಲ ಅವನು ಮಾಡಿದ ಕರಡಿಯಾಕಾರದ ಗಡಿಯಾರ ಹನ್ನೆರಡಕ್ಕೆ ಹದಿಮೂರು ಹೊಡೆದಿತ್ತು. ಈ ಸಲವೂ ಸೋತರೆ ಮತ್ತೆ ಅವಕಾಶವಿಲ್ಲ. ಅವನು ಕೆಲಸಕ್ಕಿದ್ದ ಅಂಗಡಿಯ ಒಡತಿ, ವಿಧವೆ ವಾಲ್ಬುರ್ಗಾ, ಅವನು ಗೆದ್ದರೆ ಮದುವೆಯಾಗುತ್ತೇನೆ ಎಂದಿದ್ದಳು. ಪಟ್ಟವಿಲ್ಲದವನ ಕೈ ಹಿಡಿದರೆ ಅಂಗಡಿಗೆ ಬೀಗ. ಅದು ಸಂಘದ ಕಟ್ಟಳೆ.

ಈ ಸಲ ಸಿಂಹ. ಗಡಿಯಾರ ನಡೆದಂತೆ ಕಣ್ಣು ಹೊರಳಬೇಕು, ಗಂಟೆ ಹೊಡೆದಾಗ ಬಾಯಿ ತೆರೆಯಬೇಕು. ಕಿಲಿಯನ್ ಸಿಂಹವನ್ನು ಕಂಡವನೇ ಅಲ್ಲ. ಅವನು ಆರು ತಿಂಗಳು ಕಂಡದ್ದು ಹಿರಿಯ ಹಿರೋನಿಮಸ್‌ನನ್ನು. ಬೇರೆ ಯಾರೂ ಕೆಲಸಕ್ಕೆ ಕೈಹಾಕದಂತೆ ಕಾಯಲು ಸಂಘ ಕಳಿಸಿದ ಆ ಮನುಷ್ಯ ದಿನವೂ ಎದುರಿಗೆ ಕೂತು, ಬಿಯರ್ ಕುಡಿದು, ಆಕಳಿಸುತ್ತಿದ್ದ.

ಪರೀಕ್ಷೆಯ ಬೆಳಿಗ್ಗೆ ಚಿನ್ನದ ಲೇಪ ಮುಗಿಸಿಕೊಂಡು ಸಿಂಹ ಅಂಗಡಿಗೆ ಬಂತು. ವಾಲ್ಬುರ್ಗಾ ಬಟ್ಟೆ ಸರಿಸಿ ನೋಡಿ ಎದೆ ಹಿಡಿದುಕೊಂಡಳು.

“ಪುಣ್ಯಾತ್ಮ, ಇದು ಹಿರೋನಿಮಸ್ ಯಜಮಾನ್ರಲ್ವೇನೋ!”

“ಇಲ್ಲ ಅಮ್ಮಾವ್ರೇ, ಸಿಂಹ...”

“ಆ ಜೋತುಬಿದ್ದ ಕೆನ್ನೆ ಯಾವ ಸಿಂಹಕ್ಕಿದೆ? ಕೊರಳಿಗೆ ಒಂದು ಕರವಸ್ತ್ರ ಕಟ್ಟಿದ್ರೆ ಅವರ ಹೆಂಡ್ತೀನೇ ಊಟಕ್ಕೆ ಕರೀತಾಳೆ!”

ಕಿಲಿಯನ್ ನೋಡಿದ. ಹೌದು, ಹಿರೋನಿಮಸ್ಸೇ. ತಿದ್ದಲು ಹೊತ್ತಿರಲಿಲ್ಲ.

ಸಂಘದ ಹಿರಿಯರೆಲ್ಲ ಗಡಿಯಾರದ ಮುಂದೆ ಕೂತಿದ್ದಾಗ ಮಧ್ಯಾಹ್ನ ಹನ್ನೆರಡಾಯಿತು. ಸಿಂಹ ಕಣ್ಣು ಹೊರಳಿಸಿ ಬಾಯಿ ತೆರೆಯಿತು. ಮೂರನೆಯ ಹೊಡೆತಕ್ಕೆ ಹಿರಿಯರೊಬ್ಬರು ಕೆಮ್ಮತೊಡಗಿದರು. ಐದಕ್ಕೆ ಇನ್ನೊಬ್ಬರು ಟೋಪಿಯಲ್ಲಿ ಮುಖ ಹುದುಗಿಸಿದರು. ಏಳಕ್ಕೆ ಹಿರೋನಿಮಸ್ಸೇ ಆಕಳಿಸಿದ. ಹನ್ನೆರಡು ಹೊಡೆದು ನಿಂತಿತು. ಹದಿಮೂರು ಹೊಡೆಯಲಿಲ್ಲ.

ಹಿರೋನಿಮಸ್ ಎದ್ದು ಸಿಂಹದ ಹತ್ತಿರ ಬಗ್ಗಿದ.

“ಈ ಮುಖ ನಾನು ನೋಡಿದ್ದೀನಿ.”

ಕಿಲಿಯನ್ ಕಣ್ಣು ಮುಚ್ಚಿಕೊಂಡ.

“ನಮ್ಮಪ್ಪ ಕಣಯ್ಯಾ ಇದು!” ಹಿರೋನಿಮಸ್ ಸಿಂಹದ ಕೆನ್ನೆ ಸವರಿದ. “ಭಾನುವಾರ ಚರ್ಚಲ್ಲಿ ಕೂತ್ಕೊಂಡು ಹೀಗೇ ಬಾಯಿ ತೆರೀತಿದ್ರು. ಅವರು ಹೋಗಿ ಇಪ್ಪತ್ತು ವರ್ಷ ಆಯ್ತು. ನಿನಗೆ ಹೇಗೆ ಗೊತ್ತಾಯ್ತು?”

“ಹಾಗೇ... ಕೈಗೆ ಬಂತು ಯಜಮಾನ್ರೇ.”

ಕಿಲಿಯನ್‌ಗೆ ಪಟ್ಟ ಸಿಕ್ಕಿತು. ಮದುವೆಯಾದ ಮೇಲೂ ಅವನು ಹೆಂಡತಿಯನ್ನು ‘ಅಮ್ಮಾವ್ರೇ’ ಎಂದೇ ಕರೆಯುತ್ತಿದ್ದ. ಸಿಂಹ ಬೇಕೆಂದು ಯಾರೇ ಬರಲಿ, ಅದೇ ಅಚ್ಚು ತೆಗೆಯುತ್ತಿದ್ದ. ಅದರಲ್ಲೊಂದು ಚಕ್ರವರ್ತಿ ಕಳಿಸಿದ ಕಾಣಿಕೆಯ ಗಾಡಿಯೇರಿ ತುರ್ಕರ ಸುಲ್ತಾನನ ಅರಮನೆಗೂ ಹೋಯಿತು. ಹಿರೋನಿಮಸ್‌ನ ಅಪ್ಪ ಅಲ್ಲಿಯೂ, ಯಾರ ಹಂಗೂ ಇಲ್ಲದೆ, ಗಂಟೆಗೊಮ್ಮೆ ಆಕಳಿಸಿದರು.