ಬಾಬಿನಕ್ಕನ ನೂರಾ ಅರವತ್ತಮೂರು ಪುಟಗಳು

ಬಾಬಿನಕ್ಕನಿಗೆ ಹೊಲಿಯಲು ಬರುವುದಿಲ್ಲ. ನಗುವವರು ನಗಲಿ. ಐವತ್ತೆಂಟರ ಈ ಹೆಂಗಸಿಗೆ ಒಂದು ಗುಂಡಿಯನ್ನು ನೆಟ್ಟಗೆ ಹಾಕಲೂ ಆಗದು, ಆದರೆ ಹೊಲಿಗೆ ಯಂತ್ರ ಕೆಟ್ಟರೆ ಸದ್ದು ಕೇಳಿಯೇ ಎಲ್ಲಿ ಏನಾಗಿದೆ ಎಂದು ಹೇಳಿಬಿಡುತ್ತಾಳೆ. ಅಪ್ಪನಿಂದ ಕಲಿತ ಕಸುಬು, ಮೂವತ್ತು ವರ್ಷ ಕೈಯಲ್ಲಿ ಪಳಗಿದ್ದು. ಯಂತ್ರದೊಳಗೆ ಕೆಳಗಿನ ದಾರ ಸುತ್ತುವ ಬಾಬಿನ್ನಿನಿಂದಲೇ ಅವಳಿಗೆ ಆ ಹೆಸರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಗೆ ಮುಖ ಮಾಡಿದ ಮೇಜು, ಎಣ್ಣೆ ಕುಡಿದು ಕಪ್ಪಾದ ಬಟ್ಟೆ, ಸ್ಕ್ರೂ ತುಂಬಿದ ಔಷಧಿ ಡಬ್ಬಿಗಳು, ಗೋಡೆಯ ಮೊಳೆಗೆ ನೇತುಹಾಕಿದ ಒಂದು ದಪ್ಪ ನೋಟ್‌ಬುಕ್.

ಆ ನೋಟ್‌ಬುಕ್ಕಿಗೆ ಅಪ್ಪ ಹಾಕಿಕೊಟ್ಟ ಒಂದು ಕಟ್ಟುಪಾಡಿತ್ತು. "ಗಿರಾಕಿ ಹೇಳಿದ್ದನ್ನ ಅವರು ಹೇಳಿದ ಹಾಗೇ ಬರ್ಕೋ. ನಿನ್ನ ಜಾಣತನ ಆಮೇಲೆ." ಹಾಗಾಗಿ ಅದರ ತುಂಬ "ಕೆಳಗಿನ ದಾರ ಗೂಡು ಕಟ್ಟುತ್ತೆ", "ಹಿಂದಕ್ಕೆ ಹೊಲಿದ್ರೆ ಕೆಮ್ಮುತ್ತೆ", "ಸೂಜಿ ಕುಣಿಯುತ್ತೆ, ಬಟ್ಟೆ ಮುಂದೆ ಹೋಗಲ್ಲ" ಎಂಬಂಥ ಮಾತುಗಳೇ. ಓದಿದವರಿಗೆ ಇದು ರಿಪೇರಿ ಅಂಗಡಿಯೋ ಆಸ್ಪತ್ರೆಯೋ ಎಂಬ ಅನುಮಾನ ಬರಬೇಕು.

ಹದಿನಾಲ್ಕು ವರ್ಷದ ಹಿಂದೆ ಮಗ ಒಂದು ವೆಬ್‌ಸೈಟ್ ಮಾಡಿಕೊಟ್ಟ. ಹಸಿರು ಹಿನ್ನೆಲೆ, ಹಳದಿ ಅಕ್ಷರ. ಬಾಬಿನಕ್ಕ ಬಿಡುವಾದಾಗಲೆಲ್ಲ ಕೂತು ನೋಟ್‌ಬುಕ್ಕಿನ ಒಂದೊಂದು ದೂರಿಗೆ ಒಂದೊಂದು ಪುಟ ಬರೆದಳು. ಮೇಲೆ ಗಿರಾಕಿಯ ಮಾತು, ಕೆಳಗೆ ರಿಪೇರಿಯ ವಿವರ, ಕೊನೆಗೆ ಫೋನ್ ನಂಬರ್. ಬರೆದಾದ ಮೇಲೆ ಆ ಪುಟದ ವಿಳಾಸವನ್ನು ನೋಟ್‌ಬುಕ್ಕಿನಲ್ಲಿ ದೂರಿನ ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಹೀಗೆ ನೂರಾ ಅರವತ್ತಮೂರು ಪುಟಗಳಾದವು. ಅವಳ ತಮ್ಮ ಮೂಗು ಮುರಿದಿದ್ದ. "ಎಲ್ಲಾ ಪುಕ್ಕಟೆ ಹೇಳ್ಬಿಟ್ರೆ ನಿನ್ನ ಹತ್ರ ಯಾರಕ್ಕ ಬರ್ತಾರೆ?"

"ಬಿಚ್ಚೋದು ಹೇಳ್ಕೊಡ್ತೀನಿ ಕಣೋ. ಜೋಡಿಸೋಕೆ ಬಂದೇ ಬರ್ತಾರೆ."

ಬಂದರು. ಎಲ್ಲೋ ಕೂತ ಯಾರೋ ಕೆಟ್ಟ ಯಂತ್ರದ ಮುಂದೆ ತಲೆ ಚಚ್ಚಿಕೊಳ್ಳುತ್ತ "ಕೆಳಗಿನ ದಾರ ಗೂಡು ಕಟ್ಟುತ್ತೆ" ಎಂದು ಹುಡುಕಿದರೆ ಮೊದಲು ಕಾಣುತ್ತಿದ್ದದ್ದು ಬಾಬಿನಕ್ಕನ ಪುಟ. ಬೀದಿಯಲ್ಲಿ ಹೊಲಿಯುವವರು ಕಡಿಮೆಯಾದರೂ ಅವಳ ಮೇಜು ಖಾಲಿಯಾಗಲಿಲ್ಲ. ದೂರದವರು ಪಾರ್ಸೆಲ್ ಮಾಡಿ ಕಳಿಸುತ್ತಿದ್ದರು.

ಮಗನಿಗೆ ಮದುವೆಯಾಯಿತು, ಸೊಸೆ ಬಂದಳು. ಅಚ್ಚುಕಟ್ಟಿನ ಹೆಣ್ಣು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪುಟ ವಿನ್ಯಾಸ ಮಾಡುವ ಕೆಲಸ. ಹಸಿರಿನ ಮೇಲಿನ ಹಳದಿಯನ್ನು ಎರಡು ವರ್ಷ ಹಲ್ಲು ಕಚ್ಚಿ ಸಹಿಸಿ, ಕೊನೆಗೊಂದು ದಿನ ಬಾಯಿಬಿಟ್ಟಳು. "ಅತ್ತೆ, ನಾನು ಹೊಸದಾಗಿ ಮಾಡ್ಕೊಡ್ಲಾ?"

"ನಿನ್ನ ಕಣ್ಣು ನೋಯುತ್ತೆ ಅಂದ್ರೆ ಮಾಡಮ್ಮ."

ಸೊಸೆ ಒಂದು ತಿಂಗಳು ಕೂತು ಮಾಡಿದಳು. ಬಿಳಿ ಹಿನ್ನೆಲೆ, ದೊಡ್ಡ ಫೋಟೊ, ಸೈಟಿಗೆ ಉದ್ದದ ಹಳೆ ಹೆಸರಿನ ಬದಲು ಚುಟುಕಾದ ಹೊಸ ಹೆಸರು. ನೂರಾ ಅರವತ್ತಮೂರು ಪುಟಗಳ ಬರಹವನ್ನು "ದಾರದ ತೊಂದರೆಗಳು", "ಸೂಜಿಯ ತೊಂದರೆಗಳು" ಎಂದು ಆರೇ ಪುಟಗಳಲ್ಲಿ ನೀಟಾಗಿ ಜೋಡಿಸಿದಳು. ಪ್ರೆಸ್ಸಿನಲ್ಲಿ ಹೊಸ ಪ್ಲೇಟ್ ಒಪ್ಪಿಗೆಯಾದ ತಕ್ಷಣ ಹಳೆಯದನ್ನು ಎಸೆಯುತ್ತಾರೆ, ಇಲ್ಲದಿದ್ದರೆ ಅಪ್ಪಿತಪ್ಪಿ ಅದೇ ಅಚ್ಚಾಗಿಬಿಡುತ್ತದೆ. ಅದೇ ಅಭ್ಯಾಸದಲ್ಲಿ ಹಳೆ ಸೈಟನ್ನು ಅವತ್ತೇ ಅಳಿಸಿಹಾಕಿದಳು. ಅತ್ತೆ ಸೊಸೆ ಇಬ್ಬರೂ ಖುಷಿಯಿಂದ ಕಾಫಿ ಕುಡಿದರು.

ಮೊದಲ ವಾರ ಫೋನ್ ಬರಲಿಲ್ಲ. ಸದ್ಯ, ಬಾಕಿ ಕೆಲಸ ಮುಗಿಸಬಹುದು ಎಂದುಕೊಂಡಳು ಬಾಬಿನಕ್ಕ. ಎರಡನೇ ವಾರ ಸೊಸೆಯ ಫೋನಿನಿಂದ ತನ್ನ ನಂಬರಿಗೇ ಕರೆ ಮಾಡಿ ನೋಡಿದಳು. ಸರಿಯಾಗೇ ರಿಂಗಾಯಿತು. ಐದನೇ ವಾರದ ಹೊತ್ತಿಗೆ ಮೇಜಿನ ಮೇಲೆ ರಿಪೇರಿಗೆ ಒಂದು ಯಂತ್ರವೂ ಉಳಿದಿರಲಿಲ್ಲ, ಅವಳು ನೊಣ ಹೊಡೆಯುತ್ತ ಕೂತಿದ್ದಳು.

ಮೂರು ವರ್ಷದಿಂದ ಅವಳ ಬೆನ್ನು ಬಿದ್ದವನೊಬ್ಬನಿದ್ದ, ಗಾರ್ಮೆಂಟ್ಸ್ ಮ್ಯಾನೇಜರ್. ಅವನ ಕಾರ್ಖಾನೆಯ ಇನ್ನೂರು ಯಂತ್ರಗಳನ್ನು ನೋಡಿಕೊಳ್ಳಲು ಬಾ ಎಂದು ಗೋಗರೆಯುತ್ತಿದ್ದ. ಇನ್ನೂರೂ ಒಂದೇ ಮಾದರಿ, ಒಂದೇ ಸದ್ದು, ಬರುವುದೂ ಒಂದೇ ಕಾಯಿಲೆ. ಅಲ್ಲಿಗೆ ಹೋದರೆ ಒಂದೇ ವರ್ಷದಲ್ಲಿ ಕಿವಿ ಸತ್ತುಹೋಗುತ್ತದೆ ಎಂದು ಬಾಬಿನಕ್ಕ ಪ್ರತಿ ಸಲವೂ ನಿರಾಕರಿಸಿದ್ದಳು. ಈ ಸಲ ಅವನ ಫೋನ್ ಬಂದಾಗ ಮಾತ್ರ, "ಒಂದನೇ ತಾರೀಕು ಹೇಳ್ತೀನಿ ಸಾರ್. ಬರೋದಾದ್ರೆ ಮನೆ ಮುಂದಿನ ಅಂಗಡಿ ಮುಚ್ಚಿಯೇ ಬರ್ತೀನಿ" ಎಂದಳು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ಅದನ್ನು ಕೇಳಿಸಿಕೊಂಡಳು. ಕೂಡಲೇ ಫೋನಿನಲ್ಲಿ "ಕೆಳಗಿನ ದಾರ ಗೂಡು ಕಟ್ಟುತ್ತೆ" ಎಂದು ಹುಡುಕಿದಳು. ಮೊದಲ ಪುಟದಲ್ಲಿ ಅತ್ತೆಯ ಸುಳಿವಿಲ್ಲ. ಎರಡು, ಮೂರು, ನಾಲ್ಕು, ಎಲ್ಲೂ ಇಲ್ಲ. ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಕಂಪನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಆ ಕಡೆಯ ಹೆಂಗಸು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. "ಹಳೇ ಅಡ್ರೆಸ್ಸಿಂದ ಹೊಸದಕ್ಕೆ ದಾರಿ ಕೊಟ್ಟಿದೀರಾ, ಮೇಡಂ?"

"ದಾರಿ ಅಂದ್ರೆ?"

"ಹಳೇ ಪುಟ ಹುಡ್ಕೊಂಡು ಬಂದವರನ್ನ ತಾನಾಗೇ ಹೊಸ ಪುಟಕ್ಕೆ ಕಳಿಸೋ ಏರ್ಪಾಡು. ಅದಿಲ್ಲದೆ ಹೋದ್ರೆ ಸರ್ಚಿಗೆ ನೀವು ಅಂಗಡಿ ಮುಚ್ಕೊಂಡು ಹೋದ ಹಾಗೇ ಲೆಕ್ಕ. ಹದಿನಾಲ್ಕು ವರ್ಷದ ಒಳ್ಳೆ ಹೆಸರೆಲ್ಲ ಆ ಹಳೇ ಅಡ್ರೆಸ್‌ಗಳ ಮೇಲಿತ್ತು."

ಸೊಸೆಯ ಮುಖ ಇಂಗು ತಿಂದ ಮಂಗನಂತಾಯಿತು. ಬಾಬಿನಕ್ಕನಿಗೆ ಮಾತ್ರ ತಟ್ಟನೆ ಅರ್ಥವಾಯಿತು. ಮುಖ್ಯ ಬೀದಿಯಿಂದ ಈ ಮನೆಗೆ ಅಂಗಡಿ ತಂದಾಗ, ಹಳೆ ಶಟರ್ ಮೇಲೆ ಎರಡು ವರ್ಷ ಹೊಸ ವಿಳಾಸದ ಬೋರ್ಡು ತೂಗುಹಾಕಿ, ಬಣ್ಣ ಮಾಸಿದಾಗ ಮತ್ತೆ ಬರೆಸಿದವಳು ಅವಳು.

"ಹಳೆದೆಲ್ಲ ಸೀದಾ ಮುಂಬಾಗಿಲಿಗೆ ಕಳಿಸಿದ್ರೆ ಆಗಲ್ವಾ?" ಸೊಸೆ ಕೇಳಿದಳು.

"ಆಗಲ್ಲ ಮೇಡಂ. ಯಾವ ಪುಟಕ್ಕೆ ಯಾವುದೋ ಅದಕ್ಕೇ ಕಳಿಸ್ಬೇಕು."

"ಸರಿ ತಾನೇ? ದಾರ ತುಂಡಾಗುತ್ತೆ ಅಂತ ಬಂದವಳನ್ನ ಬಾಗಿಲಲ್ಲಿ ನಿಲ್ಲಿಸಿ ಫೋಟೊ ತೋರಿಸ್ತೀಯಾ?" ಎಂದಳು ಬಾಬಿನಕ್ಕ. ಆ ಕಡೆಯವಳಿಗೆ ನಗು ತಡೆಯಲಾಗಲಿಲ್ಲ. ಸೈಟಿನ ಹಳೆ ಹೆಸರು ಇನ್ನೂ ಒಂಬತ್ತು ದಿನ ನಿಮ್ಮದೇ, ಅಷ್ಟರಲ್ಲಿ ನವೀಕರಿಸಿ, ವರ್ಷಕ್ಕೆ ಕಡಿಮೆಯಿಲ್ಲದಂತೆ ದಾರಿ ತೆರೆದಿಡಿ ಎಂದು ಹೇಳಿ ಫೋನಿಟ್ಟಳು.

ಸೊಸೆ ಕಣ್ಣು ತುಂಬಿಕೊಂಡು ಕೂತಳು. "ಹೆಸರೇನೋ ಉಳೀತು ಅತ್ತೆ. ಆದ್ರೆ ಆ ನೂರಾ ಅರವತ್ತಮೂರು ಅಡ್ರೆಸ್ಸು? ಎಲ್ಲಾ ಅಳಿಸ್ಬಿಟ್ಟಿದೀನಲ್ಲ. ನಿಮ್ಮ ಅಂಗಡಿ ನಾನೇ ಮುಚ್ಚಿಸ್ದೆ."

ಬಾಬಿನಕ್ಕ ಎದ್ದು ಮೊಳೆಯಿಂದ ನೋಟ್‌ಬುಕ್ ತೆಗೆದು ಅವಳ ಮಡಿಲಿಗೆ ಹಾಕಿದಳು. "ಅಳೋದು ಆಮೇಲೆ ಅಳು. ಕೆಂಪು ಶಾಯಿಯದ್ದೇನದು, ಓದು."

ಸೊಸೆ ಹಾಳೆ ತಿರುವಿದಳು. ಪ್ರತಿ ದೂರಿನ ಪಕ್ಕದಲ್ಲೂ ಒಂದು ವಿಳಾಸ, ಒಂದಕ್ಷರ ಬಿಡದೆ. ಹೋದ ಜೀವ ಬಂದಂತಾಗಿ ಅವಳು ಅತ್ತೆಯ ಎಣ್ಣೆಗೈಯನ್ನೇ ಹಿಡಿದುಕೊಂಡಳು.

ಹಳೆ ಹೆಸರನ್ನು ಅವತ್ತೇ ನವೀಕರಿಸಿದರು. ಐದು ದಿನ ಮಧ್ಯಾಹ್ನಗಳೆಲ್ಲ ಉಳಿದ ಕೆಲಸಕ್ಕೇ ಹೋದವು. ಸೊಸೆ ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಬಂದು ಕೂರುತ್ತಿದ್ದಳು. ಆರು ಪುಟಗಳನ್ನು ಬಿಡಿಸಿ ಮತ್ತೆ ನೂರಾ ಅರವತ್ತಮೂರು ಮಾಡಬೇಕಿತ್ತು, ಒಂದೊಂದಕ್ಕೂ ಹಳೆ ವಿಳಾಸದಿಂದ ದಾರಿ ಕೊಡಬೇಕಿತ್ತು. ಅತ್ತೆ ಓದುತ್ತಿದ್ದಳು, ಸೊಸೆ ಟೈಪ್ ಮಾಡುತ್ತಿದ್ದಳು. ನಡುವೆ ಒಮ್ಮೆ ಸೊಸೆಯ ಅಚ್ಚುಕಟ್ಟುತನ ತಲೆ ಎತ್ತಿತು. "'ಕೆಮ್ಮುತ್ತೆ' ಅನ್ನೋದನ್ನ 'ಅಸಹಜ ಶಬ್ದ' ಅಂತ ಹಾಕ್ಲಾ ಅತ್ತೆ?"

"ನಿನ್ನ ಮೆಷಿನ್ ಕೆಟ್ಟು, ಮೈಯೆಲ್ಲಾ ಬೆವರ್ತಾ ಇರೋವಾಗ ನೀನು 'ಅಸಹಜ ಶಬ್ದ' ಅಂತ ಹುಡುಕ್ತೀಯಾ?"

ಸೊಸೆ ನಾಲಿಗೆ ಕಚ್ಚಿಕೊಂಡು "ಕೆಮ್ಮುತ್ತೆ" ಎಂದೇ ಟೈಪ್ ಮಾಡಿದಳು. ಬಿಳಿ ಹಿನ್ನೆಲೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ, ಅದರ ಬಗ್ಗೆ ಬಾಬಿನಕ್ಕನದೂ ತಕರಾರಿರಲಿಲ್ಲ.

ಆಮೇಲೆ ಕಾಯುವುದೊಂದೇ ಉಳಿಯಿತು. ಸೊಸೆ ದಿನಾ ಬೆಳಿಗ್ಗೆ ಹುಡುಕಿ ನೋಡುತ್ತಿದ್ದಳು. ವಾರ ಕಳೆದ ಮೇಲೆ ನಾಲ್ಕನೇ ಪುಟದಲ್ಲಿ ಅತ್ತೆಯ ಸೈಟು ಕಾಣಿಸಿತು. ಆಮೇಲೆ ಎರಡನೆಯದರಲ್ಲಿ. ಇಪ್ಪತ್ತೇಳನೇ ತಾರೀಕು ಮೊದಲ ಪುಟದ ಆರನೇ ಸಾಲು. ತನಗೇನೂ ಆತುರವಿಲ್ಲ ಎನ್ನುವಂತೆ ಬಾಬಿನಕ್ಕ ಖಾಲಿ ಮೇಜನ್ನೇ ಒರೆಸುತ್ತಿದ್ದಳು, ಆದರೆ ಕಿವಿ ಇದ್ದದ್ದು ಸೊಸೆಯ ಕಡೆಗೇ. ಫೋನ್ ಮಾತ್ರ ತುಟಿ ಬಿಚ್ಚಲಿಲ್ಲ.

ಮೂವತ್ತನೇ ತಾರೀಕು, ಊಟವಾದ ಹೊತ್ತಿಗೆ ರಿಂಗಾಯಿತು. ಮ್ಯಾನೇಜರೇ ಇರಬೇಕೆಂದು ಬಾಬಿನಕ್ಕ ಮನಸ್ಸಿಲ್ಲದ ಮನಸ್ಸಿನಿಂದ ಎತ್ತಿದಳು. ಪರಿಚಯವಿಲ್ಲದ ಹೆಣ್ಣು ದನಿ.

"ಅಕ್ಕಾ, ನನ್ನ ಮೆಷಿನ್ ಬಿಕ್ಕಳಿಸುತ್ತೆ. ಹಾಗೇ ಟೈಪ್ ಮಾಡ್ದೆ ನೋಡಿ, ನಿಮ್ಮದೇ ಮೊದಲು ಬಂತು. ನೀವು ಹೇಳಿದ ಹಾಗೆ ಬಿಚ್ಚಿದೀನಿ."

"ಜೋಡಿಸೋಕೆ ಬರ್ತಾ ಇಲ್ಲ, ಅಲ್ವಾ?"

"ಹೂಂ ಅಕ್ಕಾ. ನಾಳೆ ತರ್ಲಾ?"

"ತಗೊಂಬಾ ತಾಯಿ. ಸ್ಕ್ರೂ ಒಂದೂ ಕಳೀಬೇಡ."

ಬಾಬಿನಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸೊಸೆಯ ಕಡೆ ನೋಡಿ ಮೊದಲನೆಯದು ಎಂದು ಒಂದು ಬೆರಳೆತ್ತಿ ತೋರಿಸಿದಳು. ಸೊಸೆ ಅಲ್ಲೇ ನೆಲದ ಮೇಲೆ ಕೂತು ಒಟ್ಟಿಗೇ ನಕ್ಕಳು, ಅತ್ತಳು. ಕತ್ತಲಾಗುವುದರೊಳಗೆ ಇನ್ನೆರಡು ಫೋನ್ ಬಂದವು.

ನಾಲ್ಕನೆಯದು ಮ್ಯಾನೇಜರನದು. "ಏನಮ್ಮಾ, ಯೋಚನೆ ಮಾಡಿದ್ರಾ?"

"ನಾಳೆವರೆಗೂ ಯಾಕೆ ಸಾರ್, ಈಗಲೇ ಹೇಳ್ತೀನಿ. ಬರೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ. ಉಸಿರಾಡೋಕೂ ಪುರುಸೊತ್ತಿಲ್ಲ ನಂಗೆ" ಎಂದಳು ಬಾಬಿನಕ್ಕ, ಒಂದೇ ಒಂದು ಯಂತ್ರವೂ ಇಲ್ಲದ ಮೇಜಿನ ಮುಂದೆ ಕೂತು.