ಅಪ್ಪನ ಹೆಸರಿಲೆ ಬರದ ಅರ್ಜಿ

ನಾ ಸಾಲಿಗೆ ಹೋದಾಕಿ ಅಲ್ಲ. ನನಗ ಬರೂದು ಅರ್ಜಿ ಅಕ್ಷರ ಅಷ್ಟ. ಅದನ್ನ ಕಲಿಸಿದಾಂವ ನಮ್ಮಪ್ಪ. ಹುನಗುಂದದ ಮಾಮ್ಲೇದಾರ ಕಚೇರಿ ಕಟ್ಟಿ ಮ್ಯಾಲ ಕುಂತು ಮಂದಿಗೆ ಅರ್ಜಿ ಬರದ ಕೊಡ್ತಿದ್ದ. ಪ್ಲೇಗಿನ್ಯಾಗ ಅವ್ವ ಹೋದ್ಲು, ಮುಂದಿನ ವರ್ಷ ಅಪ್ಪನ ಕಣ್ಣಿಗೆ ಪೊರಿ ಬಂತು. ಕಣ್ಣ ಹೋಗ್ಯಾವಂತ ತಿಳಿದ್ರ ಕಟ್ಟಿ ಮ್ಯಾಲಿನ ಜಾಗಾ ಮತ್ತೊಬ್ಬನ ಪಾಲು. ನಮಗ ಹೊಲ ಇಲ್ಲ, ಮಗ್ಗ ಇಲ್ಲ. ಅದಕ್ಕ ನನ್ನ ಕಲ್ಯಾಕ ಕುಂಡ್ರಿಸಿದ. ಆಗ ನನಗ ಹದಿಮೂರು. ಗಂಡ ಸತ್ತು ತೌರಮನಿಗೆ ಬಂದಿದ್ದೆ.

ಕಾಗದ ಉದ್ದಕ್ಕ ಮಡಚಿ ಎಡಕ್ಕ ಕಾಲು ಪಾಲು ಖಾಲಿ ಬಿಡೂದು, ಅಲ್ಲಿ ಸಾಹೇಬ್ರು ಹುಕುಂ ಬರೀತಾರ. ಸಾಲಿನ ಕೊನಿಗೆ ಜಾಗಾ ಉಳದ್ರ ಗೀಟು ಎಳಿಯೂದು, ಹಿಂದಿನಿಂದ ಯಾರೂ ಒಂದ ಮಾತ ತುರುಕಬಾರ್ದು. ತಪ್ಪಿದ್ರ ಅಳಸಂಗಿಲ್ಲ, ಹೊಸಾ ಕಾಗದ. ಕಾಗದ ಕೆಡಿಸಿದ್ರ ಕೈ ಮ್ಯಾಲ ಬಡೀತಿದ್ದ. ಕಣ್ಣ ಕಾಣದಿದ್ರೂ ಪೆಟ್ಟ ಬರೋಬರಿ ಬೀಳ್ತಿತ್ತು. ಮಳಿಗಾಲ ಮುಗಿಯೂದ್ರಾಗ ನನ್ನ ಅಕ್ಷರ ಅವನ ಅಕ್ಷರದಂಗ ಆತು. ಮನ್ಯಾಗ ಅಂವ ಹೇಳಾಂವ, ನಾ ಬರಿಯಾಕಿ. ಕಚೇರಿಗೆ ಅಂವ ಒಯ್ಯಾಂವ.

ಒಂದ ಕೆಲಸ ಮಾತ್ರ ಅಪ್ಪನ ಪಾಲಿಗೆ ಉಳೀತು. ಸಹಿ ಮಾಡಾಕ ಬರಲಾರದವರು ಕೆಳಗ ನಿಶಾನಿ ಹಾಕಬೇಕು. ಒಕ್ಕಲಿಗಗ ನೇಗಿಲದ ಚಿತ್ರ, ಹೆಣಮಕ್ಕಳಿಗೆ ಕೈಬಳಿ. ಅದನ್ನ ಅರ್ಜಿ ಬರದಾಂವನ ತಗೀತಾನ, ಆದ್ರ ತಗಿಯೂಮುಂದ ಅವರು ಬರಿಯೂ ಟಾಕು ಮುಟ್ಟಬೇಕು. ಮುಟ್ಟಿದ್ರನ ಅದು ಅವರ ಸಹಿ. ಅಪ್ಪ ಕಚೇರ್ಯಾಗ ಅಂದಾಜಿಲೆ ತಗೀತಿದ್ದ. ಒಮ್ಮೆ ಬಳಿ ಅಕ್ಷರದ ಮ್ಯಾಲ ಹೋಗಿ ಕುಂತಿತ್ತು, ಕಾರಕೂನ ನಕ್ಕಿದ್ದ.

ಇಳಕಲ್ಲಿನ ನೇಕಾರ ಮುದುಕಿ ಒಬ್ಬಾಕಿ ನಮ್ಮನಿಗೆ ಬಂದು, ಮೈದುನ ಮನಿ ಕಸಗೊಂಡಾನಂತ ಬರಸಿದ್ಲು. ಆಕಿ ರಾತ್ರಿ ಮಲಗಾಕ ಧರ್ಮಶಾಲಿಗೆ ಹೋದಮ್ಯಾಲ, ಅಪ್ಪ ಮತ್ತ ನಗಿಗೇಡ ಆಗಬಾರ್ದಂತ, ನಾನ ಕೆಳಗ ಗುಂಡಗ ಬಳಿ ತಗದೆ. ಅಪ್ಪಗ ಹೇಳಿದೆ. ಅರ್ಜಿ ಮಡಚಿ ಚೀಲದಾಗ ಇಟಗೊಂಡ.

ಮರುದಿನ ಅಪ್ಪನ ಕೈ ಹಿಡಕೊಂಡು ನಾನೂ ಹೋದೆ. ಕಾರಕೂನ ಅರ್ಜಿ ನೋಡಿ ಮುದುಕಿಗೆ ಕೇಳಿದ, "ಟಾಕು ಮುಟ್ಟೀಯೇನ ಬೇ?"

"ಇಲ್ರೀ ಯಪ್ಪಾ. ಯಾರೂ ಮುಟ್ಟಿಸಿಲ್ಲ."

"ಮತ್ತ ಈ ಬಳಿ ಯಾರದು? ಅರ್ಜಿ ಬರದ ಅಜ್ಜ ಬಳಿ ಇಟಗೊಂಡಾನೇನು?"

ಕಟ್ಟಿ ಮ್ಯಾಲಿನವರು ನಕ್ಕರು.

"ನನ್ನ ಮುಂದ ಇನ್ನೊಂದ ತಗೀರಿ, ನೋಡೂಣು" ಅಂದ ಕಾರಕೂನ. ಅಪ್ಪ ಟಾಕು ಹಿಡದು, ಮಸಿ ಕುಡಿಕಿ ಎಲ್ಲೈತಿ ಅಂತ ಕೈ ಆಡಿಸಿದ. ಅಷ್ಟಕ್ಕ ಎಲ್ಲಾರಿಗೂ ತಿಳೀತು.

"ನಾ ಬರದೇನ್ರಿ" ಅಂದೆ. ಕಾರಕೂನ ನನ್ನ ಬರೇ ಹಣಿ ನೋಡಿ, "ನಿನ್ನ ಯಾರ ಕೇಳ್ಯಾರ?" ಅಂದ.

ಮುದುಕಿ ಅರ್ಜಿ ತಿರುಗಿ ಕೊಟ್ರು. ಅಪ್ಪಗ ಇನ್ನ ಕಟ್ಟಿ ಹತ್ತಬ್ಯಾಡಂದ್ರು.

ಅವನ ಜಾಗಕ್ಕ ಬಂದಾಂವನ ಅಕ್ಷರ ಕೆಟ್ಟ. ಎಂಟ ದಿನದಾಗ ನಮ್ಮನಿಗೆ ಬಂದು, "ತಂಗಿ, ನನ್ನ ಹೆಸರಿಲೆ ಬರದ ಕೊಡ್ತೀಯೇನು? ಜ್ವಾಳ ಕೊಡ್ತೇನಿ" ಅಂದ. ಹೂಂ ಅಂದೆ. ಟಾಕಿನ ಸಪ್ಪಳ ಶುರು ಆದಮ್ಯಾಲ ಅಪ್ಪ ಕಿವಿ ಮುಚಗೊಂಡು, "ಹೊರಗ ಕುಂತ ಬರಿ" ಅಂದ.

ಹೊರಗ ಕುಂತ ಬರದೆ.