ಹಿಂದಿಯಲ್ಲಿ ಅಳಲಾರದ ಭಾನು

ಅಮೆರಿಕದ ಮಿಷಿಗನ್ ರಾಜ್ಯದ ಕ್ಯಾಂಟನ್ನಿನಲ್ಲಿ ಕನ್ನಡದಲ್ಲೇ ಮಾತಾಡಿ ಮನಸ್ಸಿನ ನೋವಿಗೆ ಚಿಕಿತ್ಸೆ ಕೊಡುವ ಥೆರಪಿಸ್ಟ್ ಒಬ್ಬರಿದ್ದಾರೆಂದು ಜನ ಗುಟ್ಟಾಗಿ ಹೇಳಿಕೊಳ್ಳುತ್ತಿದ್ದರು. ಅವರೇ ಲತಾಶ್ರೀ, ಮಂಡ್ಯದ ಕಡೆಯವರು. ಇಂಡಿಯನ್ ಸ್ಟೋರಿನಲ್ಲಿ ಎದುರಾದರೆ, ಅವರ ಬಳಿ ಬರುವವರೇ ಗುರುತಿಲ್ಲದವರಂತೆ ಬೆಂಡೆಕಾಯಿ ಆರಿಸುತ್ತ ನಿಲ್ಲುತ್ತಿದ್ದರು. ಲತಾಶ್ರೀಗೆ ಬೇಸರವಿರಲಿಲ್ಲ. ಬರುತ್ತಾರಲ್ಲ, ಅಷ್ಟೇ ಸಾಕು.

ಭಾನುವನ್ನು ಕರೆತಂದವನು ಗಂಡ ಮಂಜೇಶ್, ಆಬರ್ನ್ ಹಿಲ್ಸ್‌ನಲ್ಲಿ ಕಾಂಟ್ರ್ಯಾಕ್ಟ್ ಎಂಜಿನಿಯರ್. ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಮೊದಲು ನೋಡಿದ ಅಮೆರಿಕನ್ ಥೆರಪಿಸ್ಟ್ ಎದುರು ಭಾನು, ಸೀಮಂತದ ದಿನ ಯಾರದೋ ದೃಷ್ಟಿ ತಾಕಿತು ಎಂದಿದ್ದಳು. ಆ ಥೆರಪಿಸ್ಟ್ ಅದನ್ನು ಭ್ರಮೆಯೆಂದು ತಿಳಿದು ಮಾತ್ರೆಯ ಮಾತೆತ್ತಿದ ಮೇಲೆ ಭಾನು ಬಾಯಿ ಬಿಟ್ಟಿರಲಿಲ್ಲ.

ಲತಾಶ್ರೀ ದೃಷ್ಟಿಯ ಮಾತನ್ನು ಅಲ್ಲಗಳೆಯಲಿಲ್ಲ. “ಮಗೂಗೆ ಏನಂತ ಹೆಸರಿಡ್ಬೇಕು ಅಂತಿದ್ದೆ?” ಎಂದಷ್ಟೇ ಕೇಳಿದರು.

“ಸ್ವರೂಪ. ಇದುವರ್ಗೂ ಯಾರೂ ಕೇಳಿರ್ಲಿಲ್ಲ ಅಕ್ಕ,” ಎಂದವಳೇ ಸ್ವೆಟರಿನ ತೋಳಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಆಮೇಲೆ ವಾರವಾರವೂ ಬಂದಳು. ಮಗು ಹೋದದ್ದಕ್ಕೆ ಅತ್ತೆ ಫೋನಿನಲ್ಲಿ ಆಡಿದ ಚುಚ್ಚುಮಾತುಗಳನ್ನು ಹೇಳಿಕೊಂಡು ನಡುಗಿದಳು, ಬೈದಳು, ಅತ್ತಳು. ಊಟ ರುಚಿಸತೊಡಗಿತು. ಅಷ್ಟರಲ್ಲಿ ಮಂಜೇಶನ ಕಾಂಟ್ರ್ಯಾಕ್ಟ್ ಮುಗಿಯಿತು. ವೀಸಾ ಉಳಿಯಬೇಕಾದರೆ ಸಿಕ್ಕ ಕೆಲಸ ಹಿಡಿಯಬೇಕು. ಸಿಕ್ಕಿದ್ದು ಇಲಿನಾಯ್ ರಾಜ್ಯದಲ್ಲಿ, ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ.

“ವಿಡಿಯೋ ಕಾಲ್ ಮಾಡ್ಬೋದಲ್ಲ ಅಕ್ಕ?”

“ನನ್ನ ಲೈಸೆನ್ಸ್ ಮಿಷಿಗನ್‌ಗೆ ಮಾತ್ರ ಭಾನು. ನೀನು ಇಲಿನಾಯ್‌ನಲ್ಲಿ ಕೂತಿದ್ರೆ ನಾನು ನೋಡೋ ಹಾಗಿಲ್ಲ.”

“ಮಾತಾಡೋಕೂ ಲೈಸೆನ್ಸಾ?”

ಲತಾಶ್ರೀ ಇಲಿನಾಯ್ ಲೈಸೆನ್ಸಿಗೂ ಅಪ್ಲೈ ಮಾಡಿದರು; ಅದು ಬರಲು ತಿಂಗಳುಗಳೇ ಬೇಕಿತ್ತು. ಅಲ್ಲಿ ಕನ್ನಡದವರು ಯಾರಾದರೂ ಇದ್ದಾರೆಯೇ ಎಂದು ಗೊತ್ತಿದ್ದವರನ್ನೆಲ್ಲ ವಿಚಾರಿಸಿದರು. ಕೊನೆಗೆ ಸಿಕ್ಕಿದವರು ಹಿಂದಿ ಬಲ್ಲ ಒಬ್ಬ ಥೆರಪಿಸ್ಟ್.

ಹಿಮ ಬೀಳುತ್ತಿದ್ದ ಒಂದು ಮಧ್ಯಾಹ್ನ ಭಾನು ಫೋನ್ ಮಾಡಿದಳು. “ಅವ್ರು ಒಳ್ಳೆಯವ್ರೇ ಅಕ್ಕ. ಆದ್ರೆ ನಂಗೆ ಹಿಂದೀಲಿ ಅಳೋಕೆ ಬರಲ್ಲ. ಬಿಟ್ಬಿಟ್ಟೆ. ಈಗ ಮತ್ತೆ ಎದೆ ಉರಿಯುತ್ತೆ, ಮನೇಲಿ ಒಬ್ಳೇ...”

“ಜೀವ ಕಳ್ಕೊಳ್ಳೋ ಯೋಚನೆ ಏನಾದ್ರೂ ಬರ್ತಿದೆಯಾ?”

“ಇಲ್ಲ ಅಕ್ಕ.”

ಅಂಥ ಯೋಚನೆ ಬಂದರೆ ಕರೆ ಮಾಡಬೇಕಾದ ಸಹಾಯವಾಣಿಯ ನಂಬರನ್ನು ಲತಾಶ್ರೀ ಹೇಳಿದರು.

“ಅವ್ರು ಕನ್ನಡ ಮಾತಾಡ್ತಾರಾ?”

ಹೀಗೇ ಕೇಳುತ್ತ ಕೂತರೆ ತಮ್ಮ ಲೈಸೆನ್ಸೇ ಹೋಗಬಹುದೆಂದು ಲತಾಶ್ರೀಗೆ ಗೊತ್ತಿತ್ತು. ಆಗ ಇಲ್ಲಿ ಬರುವವರ ಗತಿಯೇನು? “ನಾನು ಇಡ್ಬೇಕು ಕಣಮ್ಮ,” ಎಂದರು.

“ಆಯ್ತಕ್ಕ. ನಿಮ್ಗೂ ಕೆಲ್ಸ ಇರುತ್ತೆ.”

ಇಲಿನಾಯ್ ಲೈಸೆನ್ಸ್ ಕೈಸೇರುವಷ್ಟರಲ್ಲಿ ಬೇಸಿಗೆ ಬಂದಿತ್ತು. ಲತಾಶ್ರೀ ಕರೆ ಮಾಡಿದರೆ ಭಾನು ಫೋನ್ ಎತ್ತಲಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಎರಡು ದಿನ ಬಿಟ್ಟು ಮಂಜೇಶನೇ ಕರೆ ಮಾಡಿದ.

“ಥ್ಯಾಂಕ್ಸ್ ಮೇಡಂ. ಅವ್ಳಿಗೆ ಇನ್ನು ಬೇಡ್ವಂತೆ. ಈಗ ಆರಾಮಾಗಿದಾಳೆ, ಮಗೂ ವಿಷ್ಯ ಮಾತೇ ಆಡಲ್ಲ.”

ಅವನ ದನಿಯಲ್ಲಿ ನಿಜವಾದ ಸಮಾಧಾನವಿತ್ತು. ಲತಾಶ್ರೀ “ಒಂದ್ಸಲ ಅವಳ ಹತ್ರ...” ಎಂದು ಶುರು ಮಾಡಿದರು. ಮೀಟಿಂಗಿದೆ ಎಂದು ಅವನು ಫೋನ್ ಇಟ್ಟ.